‘ನಿಸಿದಿ’ ಕಲ್ಲು, ‘ನಿಷಿಧಿ’ ಕಂಬ: ಈ ಪದ ಎಲ್ಲಿಂದ ಬಂತು?

ಗದ್ದೆಬದು
ಎಲ್ಲರಿಗೂ ನಮಸ್ಕಾರ. ನಮ್ಮೂರು ಸೊರಬದ ಕಡೆ. ಕೆರೆ ಏರಿ ಹಿಂದೆ ಒಂದಷ್ಟು ಕಲ್ಲು ಸಾಲಾಗಿ ನಿಂತಿವೆ. ಕೆಲವು ವೀರಗಲ್ಲು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಕುದುರೆ, ಕತ್ತಿ, ಕೈಹಿಡಿದು ಕರ್ಕೊಂಡು ಹೋಗೋ ಅಪ್ಸರೆಯರು ಎಲ್ಲಾ ಇದ್ದಾರೆ. ಒಂದರಲ್ಲಿ ಮಾತ್ರ ಯುದ್ಧದ ಸುಳಿವೇ ಇಲ್ಲ. ಮೇಲೆ ಮುಕ್ಕೊಡೆ ಕೆಳಗೆ ಕೂತ ಜಿನ. ಅದರ ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಮುನಿ, ಎದುರಿಗೆ ಕೈಮುಗಿದು ಕೂತ ಹೆಂಗಸು, ನಡುವೆ ಅಡ್ಡಡ್ಡ ನಿಂತ ಕೋಲಿನ ಥರ ಏನೋ. ಬುಡದಲ್ಲಿ ಸವೆದ ಬರಹ.

ಶಾಸನ ನೋಡೋಕೆ ಬಂದವರೊಬ್ಬರು ‘ಇದು ನಿಷಿಧಿ’ ಅಂದ್ರು. ನಮ್ಮ ದೊಡ್ಡಪ್ಪ ‘ಅದು ನಿಷಿದ್ಧ ಕಲ್ಲು, ಮುಟ್ಟಬಾರದು’ ಅಂತಾರೆ. ಊರ ಹುಡುಗರು ‘ನಿಧಿ ಕಲ್ಲು’ ಅಂತ ಹೆಸರಿಟ್ಟು ಬುಡದಲ್ಲಿ ಆಗಲೇ ಒಂದು ಮೊಳ ಅಗೆದಿದ್ದಾರೆ. ಯಾವುದು ಸರಿ? ಶ್ರವಣಬೆಳಗೊಳದಲ್ಲಿ ಕಂಬಗಳಿಗೂ ಇದೇ ಹೆಸರಂತೆ. ಹಾಗಾದ್ರೆ ಇದು ಕಲ್ಲಿನ ಹೆಸರೋ ಕಂಬದ ಹೆಸರೋ?

ಒಗ್ಗರಣೆ
ಮೊದ್ಲು ಅಗೆಯೋದು ನಿಲ್ಸಿ ಮಾರಾಯ್ರೇ.

ಬೆಳ್ಗೊಳದೋಳು
ನಡುವೆ ಇರೋ ಕೋಲು ಠವಣೆಕೋಲು. ಓಲೆಗರಿ ಪುಸ್ತಕ ಇಡೋ ಪೀಠ. ಮುನಿ ಉಪದೇಶ ಮಾಡ್ತಿದ್ದಾರೆ, ಹೆಂಗಸು ವ್ರತ ಹಿಡಿದು ಕೇಳ್ತಿದ್ದಾಳೆ. ಸಲ್ಲೇಖನ ಮಾಡಿ, ಅಂದ್ರೆ ವ್ರತ ಹಿಡಿದು ಊಟ ಬಿಟ್ಟು, ತೀರ್ಕೊಂಡವಳ ನೆನಪಿನ ಕಲ್ಲು. ಅಲ್ಲಿ ಯಾವ ನಿಧಿಯೂ ಇಲ್ಲ. ನಮ್ಮ ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬಾ ಇಂಥ ನಿಸಿದಿಗಳೇ. ಬಂಡೆ ಮೇಲೆ ಬರೆದಿರೋದೂ ಇವೆ, ಕಂಬಕ್ಕೆ ಬರೆದಿರೋದೂ ಇವೆ.

ಪಾಗದ_ಪಂಡಿತ
ಪದಕ್ಕೆ ಬರೋಣ. ಶಾಸನಗಳಲ್ಲೇ ಇದಕ್ಕೆ ಒಂದು ಡಜನ್ ಕಾಗುಣಿತ ಸಿಗುತ್ತೆ: ನಿಸಿದಿ, ನಿಸಿಧಿ, ನಿಷಿಧಿ, ನಿಸಿದಿಗೆ, ನಿಷಿಧಿಗೆ, ನಿಷದ್ಯೆ, ನಿಷದ್ಯಾಲಯ. ಕೆತ್ತಿದವನಿಗೆ ಯಾವುದು ಸರಿ ಅನ್ನಿಸ್ತೋ ಅದು. ಇಷ್ಟು ರೂಪ ಇದೆ ಅಂದ್ರೆ, ಪದ ಹೊರಗಿನಿಂದ ಬಂದು ಬಾಯಲ್ಲಿ ಓಡಾಡ್ತಿತ್ತು, ಬರೆಯೋರು ಅದನ್ನ ಆಮೇಲೆ ಸಂಸ್ಕೃತಕ್ಕೆ ಹೊಂದಿಸೋಕೆ ನೋಡಿದ್ರು ಅಂತ ಅರ್ಥ.

ಮೂಲ ಪ್ರಾಕೃತ. ಅದರಲ್ಲೇ ಬೇರೆ ಬೇರೆ ಬಗೆ: ಅರ್ಧಮಾಗಧಿಯಲ್ಲಿ ‘ನಿಸೀಹಿಯಾ’, ಶೌರಸೇನಿಯಲ್ಲಿ ‘ಣಿಸೀಧಿಯಾ’. ದಿಗಂಬರರ ಹಳೆಯ ಗ್ರಂಥಗಳು ಶೌರಸೇನಿ, ನಮ್ಮಲ್ಲಿಗೆ ಬಂದವರೂ ದಿಗಂಬರರು, ಅದಕ್ಕೇ ನಮಗೆ ಧಕಾರದ ರೂಪ ಸಿಕ್ತು. ಕೊನೆಯ ‘-ಗೆ’ ನೋಡಿ: ಮಲ್ಲಿಕಾ ಮಲ್ಲಿಗೆ ಆಯ್ತು, ದೀಪಿಕಾ ದೀವಿಗೆ, ಶಿಬಿಕಾ ಸಿವಿಗೆ. ಅದೇ ದಾರಿಯಲ್ಲಿ ನಿಸೀಧಿಕಾ ನಿಸಿದಿಗೆ. ಮಾತಿನಲ್ಲಿ ‘ಗೆ’ ಉದುರಿ ನಿಸಿದಿ.

ಅರ್ಥ: ‘ನಿ’ + ‘ಸದ್’, ಕೂರುವುದು. ಕೂರುವ ಜಾಗ, ನೆಲೆ.

ವ್ಯಾಕರಣಭಟ್ಟ
> ಅರ್ಥ: ‘ನಿ’ + ‘ಸದ್’, ಕೂರುವುದು

ಇಲ್ಲಿ ನನ್ನ ತಕರಾರಿದೆ. ‘ಸದ್’ ಧಾತುವಿನಿಂದ ಬಂದರೆ ನಿಷದ್ಯಾ ಆಗಬೇಕು, ದಕಾರ ಇರಬೇಕು. ಧಕಾರ ಎಲ್ಲಿಂದ ಬಂತು? ಶ್ವೇತಾಂಬರ ಟೀಕಾಕಾರರು ನಿಸೀಹಿಯಾಕ್ಕೆ ಕೊಡುವ ಸಂಸ್ಕೃತ ‘ನೈಷೇಧಿಕೀ’. ಅಂದರೆ ‘ಸಿಧ್’ ಧಾತು, ನಿಷೇಧ. ಪಾಪದ ವ್ಯಾಪಾರವನ್ನು ನಿಲ್ಲಿಸುವುದು. ಊಟ, ನೀರು, ದೇಹದ ಮೋಹ ಎಲ್ಲವನ್ನೂ ನಿಷೇಧಿಸಿ ಸತ್ತವರ ಕಲ್ಲಿಗೆ ಇದಕ್ಕಿಂತ ಒಪ್ಪುವ ಅರ್ಥ ಬೇಕೆ? ಗದ್ದೆಬದು ಅವರ ದೊಡ್ಡಪ್ಪ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ.

ಬೆಳ್ಗೊಳದೋಳು
ನಾವು ಬಸದಿ ಒಳಗೆ ಕಾಲಿಡುವಾಗ ‘ನಿಃಸಹಿ ನಿಃಸಹಿ ನಿಃಸಹಿ’ ಅಂತ ಮೂರು ಸಲ ಹೇಳ್ತೀವಿ. ಹೊರಗಿನ ವ್ಯವಹಾರ ಬಿಟ್ಟು ಬಂದೆ ಅನ್ನೋ ಭಾವ. ಹೊರಡುವಾಗ ‘ಆವಸ್ಸಹಿ’. ಚಿಕ್ಕವಳಿದ್ದಾಗ ಅಜ್ಜಿ ಹೇಳ್ಸೋರು, ಅರ್ಥ ಕೇಳಿದ್ರೆ ‘ಸುಮ್ನೆ ಹೇಳು’ ಅನ್ನೋರು. ಆ ನಿಃಸಹಿ ಮತ್ತೆ ಈ ನಿಸಿದಿ ಒಂದೇ ಅಂತ ಕೇಳಿದೀನಿ. ಭಟ್ಟರ ವಾದಕ್ಕೆ ಇದು ಬಲ ಕೊಡುತ್ತಾ?

ವ್ಯಾಕರಣಭಟ್ಟ
ಖಂಡಿತ ಕೊಡುತ್ತದೆ ತಾಯಿ.

ಪಾಗದ_ಪಂಡಿತ
ಕೊಡಲ್ಲ. ಟೀಕಾಕಾರರು ಬರೆದದ್ದು ಪದ ಹುಟ್ಟಿ ಎಷ್ಟೋ ಶತಮಾನ ಆದ್ಮೇಲೆ. ಆಚರಣೆಗೆ ತಕ್ಕ ಹಾಗೆ ಅರ್ಥ ಹೊಂದಿಸಿದ್ರು. ಅದರ ಹಿಂದಿನದು ನೋಡಿ.

ಬಿಹಾರದ ನಾಗಾರ್ಜುನಿ ಬೆಟ್ಟದ ಗುಹೆಗಳು. ಅಶೋಕನ ಮೊಮ್ಮಗ ದಶರಥ ಆಜೀವಿಕರು ಅನ್ನೋ ಸನ್ಯಾಸಿ ಪಂಥದವರಿಗೆ ಕೊಟ್ಟಿದ್ದು. ಅಲ್ಲಿನ ಶಾಸನದಲ್ಲಿ ‘ವಾಷನಿಷಿದಿಯಾಯೇ’ ಅಂತಿದೆ, ಮಳೆಗಾಲ ಕಳೆಯುವ ನೆಲೆಗಾಗಿ ಅಂತ. ಯಾರೂ ಸತ್ತಿಲ್ಲ, ಯಾವ ನಿಷೇಧವೂ ಇಲ್ಲ, ಕೂತು ಮಳೆಗಾಲ ಕಳೆಯೋ ಜಾಗ ಅಷ್ಟೇ. ಧಕಾರವೂ ಇಲ್ಲ, ದಕಾರ. ಆಮೇಲೆ ಒಡಿಶಾದ ಹಾಥಿಗುಂಫಾದಲ್ಲಿ ಖಾರವೇಲನ ಶಾಸನ, ಕುಮಾರಿ ಪರ್ವತದ ಮೇಲಿನ ‘ಕಾಯನಿಸೀದಿಯಾ’. ಇಲ್ಲೂ ದಕಾರ. ದಕಾರವೇ ಹಳೆಯದು. ಸಿದ್ಧ, ಸಿದ್ಧಿ, ನಿಷೇಧ ಅನ್ನೋ ಪದಗಳ ಸಹವಾಸದಿಂದ ಧಕಾರ ಆಮೇಲೆ ಅಂಟಿಕೊಂಡಿದ್ದು.

ವ್ಯಾಕರಣಭಟ್ಟ
ಆಜೀವಿಕರ ಗುಹೆಯ ಪದವನ್ನು ತಂದು ಜೈನರ ಪಾರಿಭಾಷಿಕ ಪದಕ್ಕೆ ತಳಕು ಹಾಕುವುದು ಎಷ್ಟು ಸರಿ? ಎರಡು ಬೇರೆ ಪದಗಳು ಉಚ್ಚಾರದಲ್ಲಿ ಹತ್ತಿರ ಬಂದಿರಬಹುದು. ಪ್ರಾಕೃತದಲ್ಲಿ ಇದು ದಿನನಿತ್ಯದ ವ್ಯವಹಾರ. ‘ನಿಸೀಹ’ ಎಂಬ ಛೇದಸೂತ್ರದ (ಜೈನ ಮುನಿಗಳ ನಿಯಮ, ಪ್ರಾಯಶ್ಚಿತ್ತಗಳ ಗ್ರಂಥ) ಹೆಸರನ್ನೇ ‘ನಿಶೀಥ’ ಎಂದು ಸಂಸ್ಕೃತಕ್ಕೆ ತಂದು ನಡುರಾತ್ರಿ ಮಾಡಿಲ್ಲವೇ?

ಪಾಗದ_ಪಂಡಿತ
ಅದನ್ನೇ ನಾನೂ ಹೇಳ್ತಿರೋದು! ಸಂಸ್ಕೃತೀಕರಣ ನಂಬಿ ವ್ಯುತ್ಪತ್ತಿ ಹೇಳಬಾರದು ಅಂತ. ನಿಮ್ಮ ಉದಾಹರಣೆ ನಮ್ಮ ಪಕ್ಷಕ್ಕೆ ಬಂತು.

ನುಡಿಗಾವಲು
ಎಲ್ಲದಕ್ಕೂ ಬಿಹಾರ, ಒಡಿಶಾಗೆ ಯಾಕೆ ಓಡ್ತೀರಿ? ಹಳಗನ್ನಡದಲ್ಲಿ ‘ನಿಱಿಸು’ ಅಂದ್ರೆ ನಿಲ್ಲಿಸು, ನೆಡು. ನಿಱಿಸಿದ ಕಲ್ಲು, ಅದು ಸವೆದು ನಿಸಿದ, ನಿಸಿದಿ. ನಮ್ಮದೇ ಪದ. ತಮಿಳರು ನಡುಕಲ್ ಅನ್ನಲ್ವಾ? ನೆಟ್ಟ ಕಲ್ಲು. ನಾವು ಮಾತ್ರ ಎಲ್ಲಾನೂ ಎರವಲು ಅಂತ ಬರ್ಕೊಡ್ತೀವಿ.

ಒಗ್ಗರಣೆ
ಬಂದ್ರು.

ಪಾಗದ_ಪಂಡಿತ
ನುಡಿಗಾವಲು ಅವರೇ, ತಮಿಳಿನ ಮಾತು ನೀವೇ ತೆಗೆದ್ರಿ, ಅಲ್ಲಿಗೇ ಹೋಗೋಣ. ಸೆಂಜಿ ಹತ್ತಿರ ತಿರುನಾಥರ್‌ಕುನ್ರು ಅನ್ನೋ ಗುಡ್ಡ ಇದೆ. ಅಲ್ಲಿ ಬಂಡೆ ಮೇಲೆ ಹಳೆಯ ತಮಿಳು ಶಾಸನ: ಚಂದ್ರನಂದಿ ಆಚಾರ್ಯರು 57 ದಿನ ಅನಶನ ನೋಂತು ತೀರಿಕೊಂಡ ‘ನಿಸೀದಿಗೈ’ ಅಂತ. ‘ಸೀ’ ದೀರ್ಘ, ಕೊನೆಗೆ ‘ಗೈ’. ಪ್ರಾಕೃತದ ದೀರ್ಘವನ್ನೂ ‘-ಇಕಾ’ವನ್ನೂ ತಮಿಳು ಉಳಿಸಿಕೊಂಡಿದೆ. ಕನ್ನಡದ ‘ನಿಱಿಸಿದ’ ಅನ್ನೋದು ಸೆಂಜಿಗೆ ಹೋಗಿ ದೀರ್ಘ ಆಯ್ತಾ? ಮೇಲಾಗಿ ಅಲ್ಲಿ ನೆಟ್ಟ ಕಲ್ಲೇ ಇಲ್ಲ, ಇದ್ದಲ್ಲೇ ಇರೋ ಬಂಡೆ. ನಿಲ್ಲಿಸೋ ಪ್ರಶ್ನೆಯೇ ಬರಲ್ಲ.

ನುಡಿಗಾವಲು
ಒಂದು ಕಡೆ ಬಂಡೆ ಇದ್ದ ಮಾತ್ರಕ್ಕೆ ನಮ್ಮ ಪದ ನಮ್ಮದಲ್ಲ ಅನ್ನೋದು ಯಾವ ಲೆಕ್ಕ. ಇರ್ಲಿ ಬಿಡಿ.

ಧಾರವಾಡ್_ಫೇಡಾ
ನುಡಿಗಾವಲು ಸರ, ಸಿಟ್ಟಾಗಬ್ಯಾಡ್ರಿ. ನಿಮಗ ಅಪ್ಪಟ ಕನ್ನಡದ್ದ ಬೇಕಂದ್ರ ಅದೇ ಕಲ್ಲುಗಳ ಮ್ಯಾಲೆ ಐತಿ. ನಿಸಿದಿ ಶಾಸನದಾಗ ಸತ್ತದ್ದಕ್ಕ ‘ಮುಡಿಪಿದರ್’ ಅಂತ ಬರೀತಾರ. ‘ನೋಂತು ಮುಡಿಪಿದರ್’. ನೋಂಪಿ ಹಿಡದು ಮುಗಿಸಿದ್ರು ಅಂತ. ಸತ್ತರು ಅನ್ನಾಂಗಿಲ್ಲ, ಮುಗಿಸಿದರು ಅಂತಾರ. ಎಂಥಾ ಮಾತು ನೋಡ್ರಿ! ಪ್ರಾಕೃತ ಪದ ಕಲ್ಲಿಗೆ ಹೋತು, ಕೆಲಸದ ಮಾತು ನಮ್ಮದ ಉಳೀತು.

ಒಗ್ಗರಣೆ
ಮುಡಿಪು ಅಂದ್ರೆ ತಿಮ್ಮಪ್ಪನಿಗೆ ಕಟ್ಟಿಡೋ ಕಾಸು ಅಲ್ವಾ? ಮುಡಿ ಕೊಡೋದಕ್ಕೂ ಅದಕ್ಕೂ ಸಂಬಂಧ?

ಧಾರವಾಡ್_ಫೇಡಾ
ಮುಡಿಗೂದಲಿಗೂ ಇದಕ್ಕೂ ಸಂಬಂಧ ಹಚ್ಚಬ್ಯಾಡ್ರಿ. ತಮಿಳಿನಾಗ ‘ಮುಡಿ’ ಅಂದ್ರ ಮುಗಿ ಅಂತ ಇವತ್ತಿಗೂ ಅಂತಾರಲ್ಲ, ಆ ಮನಿತನದ್ದು.

ಕರಾವಳಿ_ಕಿಟ್ಟ
ನಮ್ಮಲ್ಲಿ ಮೂಡುಬಿದಿರೆ ಹತ್ತಿರ ಕೊಡಂಗಲ್ಲಿನಲ್ಲಿ ಜೈನ ಸಮಾಧಿಗಳು ಉಂಟು, ಮಹಡಿ ಮಹಡಿಯಾಗಿ ಕಟ್ಟಿದ್ದು, ಮುರಕಲ್ಲಿನದ್ದು. ಅದಕ್ಕೂ ನಿಸಿದಿ ಹೇಳ್ತಾರೆ. ಅಲ್ಲಿ ಕಂಬವೂ ಅಲ್ಲ ಚಪ್ಪಡಿಯೂ ಅಲ್ಲ ಮಾರಾಯ್ರೆ, ಸಣ್ಣ ಗೋಪುರವೇ. ಹಾಗಾಗಿ ಗದ್ದೆಬದು ಅವರ ಎರಡನೇ ಪ್ರಶ್ನೆಗೆ ಉತ್ತರ: ಕಲ್ಲಿಗೂ ಅಲ್ಲ ಕಂಬಕ್ಕೂ ಅಲ್ಲ, ಜಾಗಕ್ಕೆ ಹೆಸರು.

ಪಾಗದ_ಪಂಡಿತ
ಕಿಟ್ಟ ಅವರು ಸರಿಯಾದ ಜಾಗಕ್ಕೆ ಕೈ ಹಾಕಿದ್ರು. ಶಿವಾರ್ಯರ ‘ಭಗವತೀ ಆರಾಧನಾ’ ಅನ್ನೋ ಹಳೆಯ ಜೈನ ಗ್ರಂಥದಲ್ಲಿ ನಿಸೀಧಿಕೆ ಹೇಗಿರಬೇಕು ಅಂತ ಗಾಹೆಗಳೇ (ಪ್ರಾಕೃತ ಪದ್ಯಗಳೇ) ಇವೆ. ಏಕಾಂತವಾಗಿರಬೇಕು, ಬೆಳಕಿರಬೇಕು, ಊರಿಗೆ ತೀರಾ ದೂರವೂ ಬೇಡ ತೀರಾ ಹತ್ತಿರವೂ ಬೇಡ, ವಿಸ್ತಾರವಾಗಿರಬೇಕು. ವಸತಿಯಿಂದ ನೈಋತ್ಯಕ್ಕೋ ದಕ್ಷಿಣಕ್ಕೋ ಪಶ್ಚಿಮಕ್ಕೋ ಇದ್ದರೆ ಒಳ್ಳೇದು. ಇದೆಲ್ಲ ಜಾಗದ ವರ್ಣನೆ, ಕಲ್ಲಿನ ಮಾತೇ ಇಲ್ಲ. ಕಾಲ ಸರಿದ ಹಾಗೆ ಪದ ಜರುಗಿತು: ಮೊದಲು ಮುನಿ ಕೂರುವ ನೆಲೆ, ಆಮೇಲೆ ಮುನಿ ಕೊನೆಗೆ ಕೂತ ನೆಲೆ, ದೇಹ ಇಟ್ಟ ನೆಲೆ, ಆ ನೆಲೆಯಲ್ಲಿ ನಿಲ್ಲಿಸಿದ ಕಲ್ಲು, ಕೊನೆಗೆ ಎಲ್ಲೋ ಸತ್ತವರಿಗೆ ಇನ್ನೆಲ್ಲೋ ನಿಲ್ಲಿಸಿದ ಕಲ್ಲೂ ನಿಸಿದಿ.

ಬೆಳ್ಗೊಳದೋಳು
‘ಎಲ್ಲೋ ಸತ್ತವರಿಗೆ’ ಅಂದಿರಲ್ಲ, ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬ ಅದಕ್ಕೆ ಸರಿಯಾದ ಉದಾಹರಣೆ. ಗಂಗರ ಎರಡನೇ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರಕ್ಕೆ ಹೋಗಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ವ್ರತ ಹಿಡಿದು 974ರಲ್ಲಿ ತೀರಿಕೊಂಡ. ಬಂಕಾಪುರ ಹಾವೇರಿ ಕಡೆ. ಕಂಬ ಇರೋದು ಬೆಳಗೊಳದಲ್ಲಿ. ಬರೋ ಪ್ರವಾಸಿಗಳು ಅದಕ್ಕೆ ಒರಗಿ ಸೆಲ್ಫಿ ತೆಗೀತಾರೆ, ಯಾರದ್ದು ಅಂತ ಒಬ್ರೂ ಕೇಳಲ್ಲ.

ನನಗೆ ಇಷ್ಟ ಅಂದ್ರೆ ಮಹಾನವಮಿ ಮಂಟಪ. 1176ರಲ್ಲಿ ತೀರಿಕೊಂಡ ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳ ನಿಸಿದಿ ಕಂಬ ಅಲ್ಲಿದೆ. ನಿಲ್ಲಿಸಿದ್ದು ಅವರ ಶಿಷ್ಯ, ಮಂತ್ರಿ ನಾಗದೇವ. ನಾಲ್ಕು ಕಂಬದ ಮಂಟಪ ಕಟ್ಟಿ ಶಾಸನದ ಕಂಬಕ್ಕೆ ನೆರಳು ಮಾಡಿದ್ದಾರೆ. ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಮಲಧಾರಿದೇವರದ್ದು ಇದೆ, 1129ರದ್ದು. ಅವರ ಗುರುಪರಂಪರೆ ಪೂರ್ತಿ ಆ ಕಂಬದ ಮೇಲೆ. ಇತಿಹಾಸ ಬರೆಯೋರಿಗೆ ಆಚಾರ್ಯರ ಕಾಲ ಗೊತ್ತಾಗೋದೇ ಇಂಥ ಕಂಬಗಳಿಂದ.

ಹಳೇಬೀಡು_ಹೈದ
ಹಾಗಂದ್ರೆ ನಮ್ಮ ಹೊಯ್ಸಳೇಶ್ವರದ ಗರುಡಗಂಬ? ಕುವರ ಲಕ್ಷ್ಮ ತನ್ನ ಹೆಂಡತಿ, ಗರುಡರ (ಒಡೆಯನಿಗಾಗಿ ಪ್ರಾಣ ಕೊಡ್ತೀವಿ ಅಂತ ಪಣ ತೊಟ್ಟ ವೀರರ) ಜೊತೆ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟದ್ದರ ನೆನಪಿನ ಕಂಬ. ಮೈಮೇಲೆ ತಲೆ ಕತ್ತರಿಸಿಕೊಳ್ಳೋ ವೀರರು ಇದ್ದಾರೆ. ಅದೂ ಸ್ಮಾರಕ ಕಂಬವೇ. ನಿಸಿದಿ ಅನ್ಬಹುದಾ?

ಬೆಳ್ಗೊಳದೋಳು
ಅಯ್ಯೋ ಬೇಡಪ್ಪ. ಅದು ಒಡೆಯನಿಗಾಗಿ ಆತ್ಮಬಲಿ, ಇದು ಆರಾಧನೆ. ಸತ್ತದ್ದು ಎರಡೂ ಕಡೆ ಇದೆ, ಆದ್ರೆ ಯಾಕೆ ಸತ್ತರು ಅನ್ನೋದರ ಮೇಲೆ ಕಲ್ಲಿನ ಹೆಸರು. ಯುದ್ಧದಲ್ಲಿ ಸತ್ತರೆ ವೀರಗಲ್ಲು, ಗಂಡನ ಜೊತೆ ಹೋದರೆ ಮಾಸ್ತಿಕಲ್ಲು, ವ್ರತದಲ್ಲಿ ಸತ್ತರೆ ನಿಸಿದಿ, ಜೋಳವಾಳಿಗೆ, ಅಂದ್ರೆ ಒಡೆಯನ ಅನ್ನದ ಋಣಕ್ಕೆ, ಸತ್ತರೆ ಗರುಡ.

ಕೋಲಾರದ್_ಚಿನ್ನ
ಮಾಸ್ತಿ ಅಂದ ತಕ್ಷಣ ನೆನಪಾಯ್ತು, ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರೂ ಮಹಾಸತಿಯಿಂದಾನೇ ಬಂದಿರೋದು ಅಂತಾರೆ. ಕಲ್ಲಿನ ಮೇಲೆ ಕಂಬದಿಂದ ಒಂದು ಕೈ ಹೊರಟಿರುತ್ತೆ, ಬಳೆ ತೊಟ್ಟಿರುತ್ತೆ, ಬೆರಳಲ್ಲಿ ನಿಂಬೆಹಣ್ಣು. ನೋಡಿದ್ರೆ ಮೈ ಜುಮ್ ಅನ್ನುತ್ತೆ.

ಒಗ್ಗರಣೆ
ನಾಯಿಗೂ ಕಲ್ಲು ಇದೆಯಲ್ಲ, ಮದ್ದೂರ್ ಕಡೆ?

ಹಳೇಬೀಡು_ಹೈದ
ಆತಕೂರು. ಕಾಳಿ ಅನ್ನೋ ಬೇಟೆನಾಯಿ, ಹಂದಿ ಜೊತೆ ಹೋರಾಡಿ ಸತ್ತಿದ್ದು. ಮಣಲೆರ ಅನ್ನೋ ವೀರ ರಾಜನ ಹತ್ರ ಬೇರೆ ಏನೂ ಬೇಡ, ಆ ನಾಯಿ ಕೊಡಿ ಅಂತ ಕೇಳಿ ತಗೊಂಡಿದ್ದ. ರಾಷ್ಟ್ರಕೂಟ ಕನ್ನರದೇವನೂ ಗಂಗ ಬೂತುಗನೂ ಸೇರಿ ಚೋಳ ರಾಜಾದಿತ್ಯನನ್ನ ಹೊಡೆದ ತಕ್ಕೋಲದ ಯುದ್ಧದ ವಿಷಯವೂ ಅದೇ ಕಲ್ಲಿನ ಮೇಲಿದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ.

ಸುಮ್ನೆಕೇಳ್ದೆ
ಒಂದು ಅನುಮಾನ. ಊಟ ಬಿಟ್ಟು ಸಾಯೋದು ಆತ್ಮಹತ್ಯೆ ಅಲ್ವಾ? ಅದಕ್ಕೆ ಕಂಬ ನಿಲ್ಸಿ ಹೊಗಳೋದು ಸರಿನಾ?

ಬೆಳ್ಗೊಳದೋಳು
ಅಲ್ಲ. ಆತ್ಮಹತ್ಯೆ ಉದ್ವೇಗದಲ್ಲಿ ಆಗೋದು. ಸಲ್ಲೇಖನಕ್ಕೆ ಗುರುವಿನ ಒಪ್ಪಿಗೆ ಬೇಕು, ವಾಸಿಯಾಗದ ಕಾಯಿಲೆಯೋ ಮುಪ್ಪೋ ಬರಗಾಲವೋ ಕಾರಣ ಇರಬೇಕು, ಮೆಲ್ಲಮೆಲ್ಲಗೆ ಆಹಾರ ಕಡಿಮೆ ಮಾಡ್ತಾ ಹೋಗಬೇಕು. ಬೇಗ ಸಾಯಲಿ ಅಂತ ಬಯಸೋದೂ ದೋಷ, ಇನ್ನೂ ಬದುಕಬೇಕು ಅಂತ ಬಯಸೋದೂ ದೋಷ.

ಸುಮ್ನೆಕೇಳ್ದೆ
ಆದ್ರೂ ಕೋರ್ಟ್ ನಿಷೇಧ ಮಾಡಿತ್ತಲ್ಲ.

ಬೆಳ್ಗೊಳದೋಳು
2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಹೇಳಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅರ್ಧ ಸುದ್ದಿ ಹೇಳಬೇಡಿ.

ಮೇಲ್ವಿಚಾರಕ
ಈ ದಾರಿ ಎಲ್ಲಿಗೆ ಹೋಗುತ್ತೆ ಅಂತ ಗೊತ್ತು. ಸಲ್ಲೇಖನ ಸರಿಯೋ ತಪ್ಪೋ ಅನ್ನೋದಕ್ಕೆ ಬೇರೆ ಎಳೆ ಶುರು ಮಾಡ್ಕೊಳ್ಳಿ. ಇಲ್ಲಿ ಪದದ ವಿಚಾರ.

ಅಜ್ಮೀರ್_ಅಳಿಯ
ನಾನು ಕೆಲಸಕ್ಕೆ ರಾಜಸ್ಥಾನದಲ್ಲಿರೋದು. ಇಲ್ಲಿ ಅಜ್ಮೀರ್‌ನಲ್ಲಿ ಸೋನೀಜೀ ಕೀ ನಸಿಯಾಂ ಅಂತ ದೊಡ್ಡ ದಿಗಂಬರ ಜೈನ ಮಂದಿರ ಇದೆ, ಒಳಗೆ ಚಿನ್ನದ ಅಯೋಧ್ಯಾನಗರಿ. ಜೈಪುರದಲ್ಲೂ ಊರಾಚೆ ನಸಿಯಾಂಗಳಿವೆ. ನಸಿಯಾಂ ಅಂದ್ರೆ ಏನು ಅಂತ ಇಲ್ಲಿನ ಜೈನ ಗೆಳೆಯರೊಬ್ಬರನ್ನ ಕೇಳಿದ್ದಕ್ಕೆ ‘ನಿಷಿಧಿಕಾ’ ಅಂದ್ರು. ನಮ್ಮ ನಿಸಿದಿಯ ಅಣ್ಣತಮ್ಮ ಅಂತ ಇವತ್ತು ಗೊತ್ತಾಯ್ತು. ಆದ್ರೆ ಇಲ್ಲಿ ಆ ಪದಕ್ಕೆ ಸಾವಿನ ವಾಸನೆಯೇ ಇಲ್ಲ. ಊರ ಹೊರಗಿನ ಮಂದಿರ, ತೋಟ, ಯಾತ್ರಿಕರು ಇಳ್ಕೊಳ್ಳೋ ಜಾಗ. ಜನ ಸಂಜೆ ವಾಕಿಂಗ್ ಬರ್ತಾರೆ.

ಪಾಗದ_ಪಂಡಿತ
ನೋಡಿ ಭಟ್ಟರೇ! ಇಳಿದುಕೊಳ್ಳೋ ಜಾಗ! ನಾಗಾರ್ಜುನಿ ಬೆಟ್ಟದ ಅರ್ಥ ಅಜ್ಮೀರ್‌ನಲ್ಲಿ ಇನ್ನೂ ಉಸಿರಾಡ್ತಿದೆ.

ವ್ಯಾಕರಣಭಟ್ಟ
ಊರಾಚೆಯ ಸಮಾಧಿ ಸ್ಥಳದಲ್ಲಿ ಮಂದಿರ ಎದ್ದು, ಮಂದಿರಕ್ಕೆ ಹೆಸರು ಉಳಿದು, ಸಮಾಧಿ ಮರೆತುಹೋಗಿರುವುದೂ ಸಾಧ್ಯ. ನಿಮ್ಮ ಕಥೆಗೆ ಬೇಕಾದ ಹಾಗೆ ಓದಬೇಡಿ. ‘ಸದ್’ ಧಾತು ಮೊದಲು ಎಂಬುದನ್ನು ಬೇಕಾದರೆ ವಾದಕ್ಕೆ ಒಪ್ಪೋಣ. ಆದರೆ ಹನ್ನೆರಡನೆಯ ಶತಮಾನದಲ್ಲಿ ಬೆಳಗೊಳದಲ್ಲಿ ಕಂಬ ನಿಲ್ಲಿಸಿದವನ ಮನಸ್ಸಿನಲ್ಲಿ ಯಾವ ಅರ್ಥ ಇತ್ತು? ಅವನು ದಿನಾ ಬಸದಿಯಲ್ಲಿ ನಿಃಸಹಿ ಹೇಳುವವನು. ಧಾತು ಯಾವುದಾದರೂ ಇರಲಿ, ಅವನ ಕಿವಿಗೆ ನಿಷೇಧವೇ ಕೇಳುತ್ತಿತ್ತು.

ಪಾಗದ_ಪಂಡಿತ
ಅವನೇ ಸಂಸ್ಕೃತ ಶ್ಲೋಕ ಬರೆಸುವಾಗ ‘ನಿಷದ್ಯಾಲಯ’ ಅಂತ ಬರೆಸಿದಾನಲ್ಲ ಸ್ವಾಮಿ, ‘ನಿಷೇಧಾಲಯ’ ಅಂತಲ್ಲ.

ಒಗ್ಗರಣೆ
😂 ಪಂಡಿತರಿಗೆ ಒಂದು ಅಂಕ

ಧಾರವಾಡ್_ಫೇಡಾ
ಎಲ್ಲಾ ಖರೆ, ಆದ್ರ ಬಾಳ ಹಳೇವು ಎಷ್ಟೋ ಕಲ್ಲಿನಾಗ ಈ ಪದಾನೇ ಇಲ್ಲ. ಚಿಕ್ಕಬೆಟ್ಟದ ನಂದಿಸೇನ ಮುನಿದು ನೋಡ್ರಿ. ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್ ತೋರಿ ಬೇಗಂ...’ ಕಾಮನಬಿಲ್ಲು, ಮಿಂಚು, ಮಂಜು, ಕಂಡು ಮಾಯ ಆಗತಾವ, ರೂಪ, ಹಣ, ಅಧಿಕಾರ ಯಾರಿಗೂ ನಿಲ್ಲೂದಿಲ್ಲ, ನಾ ಈ ಭೂಮಿ ಮ್ಯಾಲೆ ಇರಾಂವಲ್ಲ ಅಂತ ಸನ್ಯಾಸ ಮಾಡಿ ದೇವಲೋಕಕ್ಕ ಹೋದ. ಅಷ್ಟ. ನಿಸಿದಿ ಅನ್ನೂ ಮಾತು ಆ ಪದ್ಯದಾಗ ಎಲ್ಲೂ ಬರಂಗಿಲ್ಲ. ಏಳನೇ ಶತಮಾನದ ಸುಮಾರಿನ ಪದ್ಯ ಅದು, ಪಂಪ ಹುಟ್ಟಾಕ ಇನ್ನೂ ಇನ್ನೂರು ವರ್ಷ ಇತ್ತು. ನಾವು ಕಾಲೇಜಿನಾಗ ಬಾಯಿಪಾಠ ಮಾಡಿದ್ವಿ.

ಕರಾವಳಿ_ಕಿಟ್ಟ
ಕಾಲೇಜಿನಲ್ಲಿ ನಮಗೂ ಇತ್ತು. ಪರೀಕ್ಷೆಯಲ್ಲಿ ಅದರ ಛಂದಸ್ಸು ಮಹಾಸ್ರಗ್ಧರೆಯ ಪ್ರಸ್ತಾರ ಹಾಕಿ ಅಂತ ಕೇಳಿ ಜೀವ ತೆಗೆದಿದ್ರು.

ಸುಮ್ನೆಕೇಳ್ದೆ
ನಿಸಿದಿ ಬರೀ ಮುನಿಗಳಿಗಾ?

ಬೆಳ್ಗೊಳದೋಳು
ಇಲ್ಲ. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ಬೆಳಗೊಳದಲ್ಲೇ ಸಲ್ಲೇಖನದಿಂದ ಸತ್ತಿದ್ದು. ಶಾಂತಲಾದೇವಿ ತಾಯಿ ಮಾಚಿಕಬ್ಬೆ ಮಗಳು ಶಿವಗಂಗೆಯಲ್ಲಿ ಹೋದಳು ಅಂತ ಕೇಳಿ ಬೆಳಗೊಳಕ್ಕೆ ಬಂದು ವ್ರತ ಹಿಡಿದಳು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅಂತೂ ಹೆಂಡತಿ ಲಕ್ಷ್ಮಿಗೂ ನಿಸಿದಿ ಮಾಡಿಸಿದ, ಗುರು ಶುಭಚಂದ್ರರಿಗೂ ಮಾಡಿಸಿದ. ಗದ್ದೆಬದು ಅವರ ಕಡೆ ಹಿರೇಆವಲಿಯಲ್ಲಿ ಇರೋದು ಗೌಡರದ್ದು, ಗೌಡಿಯರದ್ದು. ಊರಿನ ಗೃಹಸ್ಥರು. ಅವರ ಊರಿನ ಕಲ್ಲಿನ ಹೆಂಗಸೂ ಅಂಥವಳೇ ಇರಬೇಕು.

ಗದ್ದೆಬದು
ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ ಕಣ್ರೀ. ದೊಡ್ಡಪ್ಪಂಗೆ ಎಲ್ಲಾ ಓದಿ ಹೇಳ್ದೆ. ‘ನಿಷೇಧ ಅಂತಾನೂ ಒಬ್ರು ಅಂದಿದಾರಲ್ಲ, ಸಾಕು ಬಿಡು’ ಅಂತ ಭಟ್ಟರ ಪಕ್ಷ ಸೇರಿದ್ರು. ಹುಡುಗರು ಅಗೆಯೋದು ನಿಲ್ಸಿದ್ದಾರೆ, ಗುಂಡಿ ಮುಚ್ಚಿಸಿದೀವಿ. ನಿಧಿ ಇಲ್ಲ ಅಂದಿದ್ದಕ್ಕಲ್ಲ, ಪೊಲೀಸ್ ಕೇಸಾಗುತ್ತೆ ಅಂದಿದ್ದಕ್ಕೆ.

ಬುಡದ ಬರಹದ ಫೋಟೊ ತೆಗೆದು ಹಾಕೋಣ ಅಂತಿದೀನಿ. ಅಕ್ಷರ ಕಾಣ್ತಿಲ್ಲ. ಸುಣ್ಣ ಬಳಿದು ಒರೆಸಿದ್ರೆ ಎದ್ದು ಕಾಣುತ್ತೆ ಅಂತ ಒಬ್ರು ಹೇಳಿದ್ರು, ಮಾಡ್ಲಾ?

ಪಾಗದ_ಪಂಡಿತ
ಬೇಡ ಬೇಡ. ಸುಣ್ಣ, ಅರಿಶಿನ, ಎಣ್ಣೆ, ತಂತಿ ಬ್ರಶ್ ಯಾವುದೂ ಬೇಡ. ಬರೀ ನೀರು, ಮೆತ್ತನೆ ಬ್ರಶ್. ಪಾಚಿ ಬಲವಾಗಿ ಹಿಡ್ಕೊಂಡಿದ್ರೆ ಅದನ್ನ ಕೆರೆಯೋಕೂ ಹೋಗಬೇಡಿ.

ಬೆಳ್ಗೊಳದೋಳು
ಬಿಸಿಲು ನೆತ್ತಿಗೆ ಬರೋ ಮುಂಚೆ ಹೋಗಿ. ಬೆಳಕು ಓರೆಯಾಗಿ ಬಿದ್ರೆ ಅಕ್ಷರದ ಗೆರೆಯಲ್ಲಿ ನೆರಳು ನಿಲ್ಲುತ್ತೆ. ಅದೂ ಆಗದಿದ್ರೆ ಕತ್ತಲಾದ ಮೇಲೆ ಒಬ್ರು ಟಾರ್ಚ್‌ನ ಪಕ್ಕದಿಂದ ಹಿಡೀಲಿ, ಇನ್ನೊಬ್ರು ಫೋಟೊ ತೆಗೀಲಿ.

ವ್ಯಾಕರಣಭಟ್ಟ
ಒಂದೊಂದು ಸಾಲಿಗೆ ಬೇರೆ ಬೇರೆ ಫೋಟೊ ತೆಗೆಯಿರಿ. ದಕಾರವೋ ಧಕಾರವೋ ಅಲ್ಲೇ ನೋಡೋಣ.

ಒಗ್ಗರಣೆ
ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ನಿಧಿ ಕಲ್ಲಿನ ಹತ್ರ ನಿಂತ್ರೆ ಊರೋರು ಇವರನ್ನೇ ಹಿಡಿದು ಬಡೀತಾರೆ. ಬೆಳಗ್ಗೇನೇ ಹೋಗಿ ಸ್ವಾಮಿ, ದೊಡ್ಡಪ್ಪನ್ನೂ ಕರ್ಕೊಂಡು ಹೋಗಿ.